ಕಾಮೇದೊ ತೆಂಜಿನ್: ಪರೀಕ್ಷಾ ದೇವ್ರ ಗುಡ್ಯಾಗ ನೇರಳಿ ಹೂವಿನ ಚಪ್ಪರ

ಹೋದ ವರ್ಷ ಏಪ್ರಿಲ್‌ದಾಗ ಅವ್ವನ್ನ ಕರ್ಕೊಂಡು ಟೋಕಿಯೋದಾಗಿರೋ ತಮ್ಮನ ಕಡೆ ಹೋಗಿ ಬಂದೆ. ಧಾರವಾಡಕ್ಕ ಬಂದು ಇಳದ ದಿನದಿಂದ ಓಣ್ಯಾಗ ಯಾರ್ ಸಿಕ್ರೂ ಕೇಳೂದು ಎರಡ ಪ್ರಶ್ನಿ, ಫೂಜಿ ಗುಡ್ಡ ನೋಡಿದ್ರೇನು, ಬುಲೆಟ್ ಟ್ರೇನ್ ಹತ್ತಿದ್ರೇನು. ಗುಡ್ಡ ಮೋಡದಾಗ ಮುಚ್ಕೊಂಡಿತ್ತು. ಟ್ರೇನ್ ಹತ್ತಿದ್ವಿ, ಕಣ್ಣ ಮುಚ್ಚಿ ತಗ್ಯೂದ್ರಾಗ ಊರು ಬಂತು. ಅವೆರಡರ ಬಗ್ಗೆ ಬರ್ಯಾಕ ನನ್ನ ಕಡೆ ಇಷ್ಟ ಐತಿ. ಬರೀಬೇಕು ಅನ್ಸಿದ್ದು ಒಂದು ಗುಡಿ ಬಗ್ಗೆ, ಕಾಮೇದೊ ತೆಂಜಿನ್ ಅಂತ ಹೆಸರು, ಶಿಂತೋ ಅನ್ನೋ ಜಪಾನಿನ ಮೂಲ ಧರ್ಮದ ಗುಡಿ, ಟೋಕಿಯೋದ ಪೂರ್ವ ದಿಕ್ಕಿಗೆ ಕೋತೋ ಅನ್ನೋ ಭಾಗದಾಗ ಬರ್ತದ. ನಾವು ಅಲ್ಲಿಗೆ ಎರಡು ಸಲ ಹೋದ್ವಿ, ಮೊದಲನೇ ಸಲ ಅರ್ಧ ತಾಸಿನ್ಯಾಗ ಸಾಕಾಗಿ ಹೋತು, ಎರಡನೇ ಸಲ ಅವ್ವ ಏಳಾಕ ತಯಾರ ಇರ್ಲಿಲ್ಲ. ಅದಕ್ಕ ಈ ರಿವ್ಯೂ ಓದಿ ನೀವೇನರ ನೆನಪಿಟ್ಕೊಳ್ಳೂದು ಇದ್ರ ದಿನ ಯಾವುದು, ಟೈಮ್ ಯಾವುದು ಅನ್ನೂದನ್ನ ಇಟ್ಕೊಳ್ರಿ.

ಮೊದಲ ಹಾದಿ ಹೇಳಿಬಿಡ್ತೇನಿ. ಅಕಿಹಬರ ಸ್ಟೇಷನ್‌ದಿಂದ ಸೋಬು ಲೈನ್ ಅಂತ ಹಳದಿ ಪಟ್ಟಿ ಇರೋ ಲೋಕಲ್ ಟ್ರೇನ್, ನಾಲ್ಕನೇ ಸ್ಟಾಪ್ ಕಾಮೇದೊ, ಟಿಕೆಟ್ 200 ಯೆನ್ ಒಳಗ. ಉತ್ತರದ ಗೇಟಿನಿಂದ ಹೊರಗ ಬಂದು ಹದಿನೈದು ನಿಮಿಷ ನಡೀಬೇಕು, ಅವ್ವ ಸಂಗಾಟ ಇದ್ದದ್ದಕ್ಕ ನಮಗ ಅರ್ಧ ತಾಸು ಹಿಡೀತು. ದಾರಿ ಅಂದ್ರ ಅಗದಿ ಸಾದಾ ಪ್ಯಾಟಿ ದಾರಿ, ಔಷಧಿ ಅಂಗಡಿ, ಸೈಕಲ್ ಸಾಲು, ಬಾಲ್ಕನ್ಯಾಗ ಒಣಹಾಕಿದ ಅರಬಿ. ಇಲ್ಲಿ ಮುನ್ನೂರಾ ಅರವತ್ತು ವರ್ಷದ ಗುಡಿ ಎಲ್ಲಿಂದ ಬರ್ಬೇಕು ಅಂತ ನಾನೂ ಅಂದ್ಕೊಂಡೆ, ಅಷ್ಟರಾಗ ಎಡಕ್ಕ ತಿರಗಿದ್ರ ಒಂದು ಓಣಿ ಕಡೀಕ ತೋರಣಗಂಬದಂಗ ತೋರೀ ನಿಂತಿತ್ತು, ಅದರ ಹಿಂದ ಕೆಂಪು ಸೇತುವಿ.

ಎಂಟ್ರಿ ಫೀ ಇಲ್ರಿ, ಫುಕಟ್. ಇದನ್ನ ಯಾಕ ಒತ್ತಿ ಹೇಳಾಕತ್ತೇನಿ ಅಂದ್ರ ಇದ ಹೂವು ನೋಡಾಕ ಮಂದಿ ತೋಚಿಗಿ ಜಿಲ್ಲಾದಾಗಿನ ಅಶಿಕಾಗ ಪಾರ್ಕಿಗೆ ಹೋಗ್ತಾರ, ಅಲ್ಲಿ ಹೂವು ಎಷ್ಟು ಅರಳ್ಯಾವ ನೋಡಿ ಟಿಕೆಟ್ ರೇಟು ಏರ್ಸೂದು ಇಳ್ಸೂದು ಮಾಡ್ತಾರಂತ, ಟೊಮ್ಯಾಟೊ ರೇಟ್ ಇದ್ದಂಗ. ಅಲ್ಲಿ ಗಿಡ ಭಾಳ ದೊಡ್ಡವು ಅಂತ ಒಪ್ಕೋತೇನಿ, ಒಂದ ಬಳ್ಳಿ ಸಾವಿರ ಚದರ ಮೀಟರ್ ಚಪ್ಪರ ತುಂಬೇತಿ. ಆದ್ರ ಅದು ಪಾರ್ಕ್, ಇದು ಗುಡಿ.

ಹೂವಿನ ಹೆಸರ ಫೂಜಿ. ಗುಡ್ಡದ ಹೆಸರೂ ಫೂಜಿ, ಬರಿಯೋ ಅಕ್ಷರ ಮಾತ್ರ ಬ್ಯಾರೆ, ಹಿಂಗಾಗಿ ತಮ್ಮ "ಅವ್ವಾ, ನಾಳೆ ಫೂಜಿ ನೋಡಾಕ ಹೋಗೂಣು" ಅಂದಾಗ ಅವ್ವ ಸ್ವೆಟರ್ ಮ್ಯಾಲ ಸ್ವೆಟರ್ ಹಾಕ್ಕೊಂಡು ತಯಾರಾಗಿ ಕುಂತಿದ್ಲು. ಇಂಗ್ಲಿಷ್‌ನ್ಯಾಗ ವಿಸ್ಟೀರಿಯಾ ಅಂತಾರ. ನಮ್ಮ ಕಡೆ ಮಂದಿಗೆ ಹೆಂಗ ಹೇಳೂದು ಅಂದ್ರ, ಬ್ಯಾಸಗ್ಯಾಗ ಕಕ್ಕಿ ಗಿಡ ಹೂ ಬಿಟ್ಟಾಗ ಹಳದಿ ಗೊಂಚಲ ಜೋತಬೀಳ್ತಾವಲ್ಲ, ಹಂಗ ಜೋತಬಿದ್ದ ಗೊಂಚಲ, ಬಣ್ಣ ಮಾತ್ರ ತಿಳಿ ನೇರಳಿ, ಒಂದೊಂದ ಹೂವು ಕೈಯಾಗ ಹಿಡದು ನೋಡಿದ್ರ ಬರೊಬ್ಬರಿ ಹೊಂಗಿ ಹೂವಿನ ಆಕಾರ. ಹೊಂಗಿ, ಅವರಿ, ಇದು, ಎಲ್ಲಾ ಒಂದ ಬಳಗ, ಮುಂದ ಇದಕ್ಕೂ ಅವರಿಕಾಯಿಯಂಗ ಕಾಯಿ ಆಕ್ಕಾವ. ಬಳ್ಳಿ ಅದು, ತಾನ ನಿಲ್ಲಂಗಿಲ್ಲ, ಅದಕ್ಕ ಮಂದಿ ಚಪ್ಪರ ಹಾಕಿ ಮ್ಯಾಲ ಹಬ್ಬಿಸ್ತಾರ, ಹೂವು ಸಂದಿನಿಂದ ಕೆಳಗ ಇಳೀತಾವ. ಈ ಗುಡಿಯೊಳಗ ಆ ಚಪ್ಪರ ಎಲ್ಲಾ ಹೊಂಡದ ದಂಡಿಗೆ ಅದಾವ, ಕೆಲವು ನೀರಿನ ಮ್ಯಾಲನ ಅದಾವ. ಹಿಂಗಾಗಿ ಮ್ಯಾಲೊಂದು ನೇರಳಿ, ಕೆಳಗೊಂದು ನೇರಳಿ, ನಡುವ ನೀವು.

ಈಗ ಮೊದಲನೇ ಸಲದ ಕಥಿ. ಐತವಾರ, ಮುಂಜಾನೆ ಹನ್ನೊಂದಕ್ಕ. ಅದು ನಮ್ಮದ ತಪ್ಪು. ಏಪ್ರಿಲ್ ತಿಂಗಳದಾಗ ಇಲ್ಲಿ ಫೂಜಿ ಮಾತ್ಸುರಿ, ಅಂದ್ರ ಹೂವಿನ ಜಾತ್ರಿ, ನಡೀತೈತಿ. ಉಳವಿ ಚನ್ನಬಸವಣ್ಣನ ಜಾತ್ರಿ ದಿವಸ ಗುಡಿ ಮುಂದ ಹೆಂಗ ಇರ್ತದೋ ಹಂಗ, ಫರಕ್ ಏನಂದ್ರ ಇಲ್ಲಿ ಯಾರೂ ದಬ್ಬಂಗಿಲ್ಲ, ಬೈಯಂಗಿಲ್ಲ, ಸಾಲಿನ್ಯಾಗ ಇರಬಿಯಂಗ ಹೊಂಟಿರ್ತಾರ. ಸೇತುವಿ ಮ್ಯಾಲ ನಿಂತು ಫೋಟೋ ತಗೋಬೇಕಂದ್ರ ಹಿಂದಿನವ್ರು ಸುಮ್ನ ಕಾಯ್ತಾರ, ಅವ್ರು ಕಾಯೂದು ನೋಡಿ ನಮಗ ನಾಚಿಕಿ ಬಂದು ಫೋಟೋ ಅಲ್ಲಾಡಿ ಹೋಗ್ತದ. ಕೂಡ್ರಾಕ ಜಾಗಾ ಇಲ್ಲ. ಅಂಗಡಿ ಸಾಲು ಹಚ್ಚಿದ್ರು, ಅಲ್ಲಿಂದ ಅಷ್ಟಪಾದಿ, ಅಂದ್ರ ಆಕ್ಟೋಪಸ್, ಹಾಕಿ ಮಾಡೋ ತಾಕೋಯಾಕಿ ಅನ್ನೋ ಪಡ್ಡಿನ ವಾಸನಿ, ನೋಡಾಕ ಥೇಟ ನಮ್ಮ ಗುಂಡಪಂಗಳಾನ, ಅವ್ವ ಖುಷಿಲೆ ಕೈ ಮಾಡಿದ್ಲು, ತಮ್ಮ ಓಡಿಬಂದು ತಡದ. ಒಳಗೇನೈತಿ ಅಂತ ಹೇಳಿದ ಮ್ಯಾಲ ಆಕಿ ಮಾರಿ ನೋಡಬೇಕಿತ್ತು. ಶಾಖಾಹಾರಿ ಮಂದಿ ಆ ಸಾಲಿನ್ಯಾಗ ಏನೂ ತಿನ್ನಾಕ ಹೋಗಬ್ಯಾಡ್ರಿ, ಸೊಪ್ಪು ಕಂಡ್ರೂ ಅದಕ್ಕ ಮೀನಿನ ಪುಡಿ ಉದುರ್ಸಿರ್ತಾರ. ನಾವು ಚೀಲದಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ವಿ.

ಎರಡನೇ ಸಲ ಮಂಗಳವಾರ ಮುಂಜಾನೆ ಏಳಕ್ಕ ಹೋದ್ವಿ. ಅಂಗಳ ತಗದ ಇತ್ತು. ಸಾಲಿಗೆ ಹೊಂಟ ಎರಡು ಹುಡುಗ್ರು, ನಾಯಿ ತಿರಗಿಸೋ ಒಬ್ಬ ಅಜ್ಜ, ಆಫೀಸಿಗೆ ಹೊಂಟ ಒಬ್ಬಾಕಿ, ಆಕಿ ನಿಂತು ಎರಡು ಸಲ ಬಗ್ಗಿ ಎರಡು ಚಪ್ಪಾಳಿ ಹೊಡದು ಕೈ ಮುಗದು ಮತ್ತೊಮ್ಮೆ ಬಗ್ಗಿ ಟ್ರೇನಿಗೆ ಓಡಿದ್ಲು. ಇದ ಇಲ್ಲಿ ನಮಸ್ಕಾರದ ಪದ್ಧತಿ, ಎರಡು ಸಲ ಬಾಗೂದು, ಎರಡು ಚಪ್ಪಾಳಿ, ಒಂದು ಸಲ ಬಾಗೂದು. ಚಪ್ಪಲ್ ಬಿಡಬೇಕಾಗಿಲ್ಲ, ಅವ್ವ ಮಾತ್ರ ತೋರೀ ಮುಂದನ ಬಿಟ್ಟು ಬರಿಗಾಲಿಲೆ ಹೊಂಟ್ಲು, ಜಲ್ಲಿ ಚುಚ್ಚಿ ವಾಪಸ್ ಬಂದು ಹಾಕ್ಕೊಂಡ್ಲು, "ದೇವ್ರು ಇದನ್ನ ನೋಡಿಲ್ಲ ಅಂತ ತಿಳ್ಕೊ" ಅಂದ್ಲು. ಕೈಕಾಲು ತೊಳ್ಯೂದು ನಮ್ಮ ರೀತಿ, ಅವ್ರದು ಕೈ ಮತ್ತ ಬಾಯಿ: ಮೊದಲ ಎಡಗೈ, ಆಮ್ಯಾಲ ಬಲಗೈ, ಆಮ್ಯಾಲ ಎಡಗೈ ಬೊಗಸಿಯೊಳಗ ನೀರು ಹಾಕ್ಕೊಂಡು ಬಾಯಿ ಮುಕ್ಕಳಿಸೂದು, ಸೌಟಿಗೆ ಬಾಯಿ ಹಚ್ಚಬಾರ್ದು. ಹುಂಡಿಗೆ 5 ಯೆನ್ ನಾಣ್ಯ ಹಾಕ್ತಾರ. ಐದು ಯೆನ್ ಅನ್ನೋ ಶಬ್ದಾನೂ ಋಣಾನುಬಂಧ ಅನ್ನೋ ಶಬ್ದಾನೂ ಅವ್ರ ಭಾಷಾದಾಗ ಒಂದ, ಗೋಎನ್. ನಮ್ಮಂಗ ದೊಡ್ಡ ನೋಟ್ ಹಾಕಿ ರಸೀದಿ ಕೇಳೋ ಕೆಲಸ ಇಲ್ಲ.

ಆ ಹೊತ್ತಿನ್ಯಾಗ ಚಪ್ಪರದ ಕೆಳಗ ನಿಂತ್ರ ಏನ ಕೇಳ್ತದ ಅಂದ್ರ ದುಂಬಿ. ಕರೇ ಗುಂಡನ ದುಂಬಿ, ಗುಂಯ್ ಅಂತ, ನೂರಾರು. ಐತವಾರ ಅವು ಇದ್ದಾವು ಅನ್ನೂದ ಗೊತ್ತಾಗಿರ್ಲಿಲ್ಲ ನಮಗ. ವಾಸನಿ ತಿಳಿ ಐತಿ, ಮಲ್ಲಿಗಿ ಗತೆ ಮೈಮ್ಯಾಲ ಬೀಳೂದಲ್ಲ, ಗಾಳಿ ಬಂದಾಗ ಬಂದು ಹೋಗ್ತದ. ಹೊಂಡದಾಗ ಆಮಿಗೋಳು, ಕಲ್ಲಿನ ಮ್ಯಾಲ ಒಂದರ ಮ್ಯಾಲೊಂದು ಹತ್ತಿ ಬಿಸಲ ಕಾಯಸಾಕತ್ತಿದ್ವು, ಕಾಮೇ ಅಂದ್ರನ ಆಮಿ ಅಂತ ಅರ್ಥ, ಊರಿನ ಹೆಸರಾಗನ ಆಮಿ ಕುಂತೈತಿ. ಒಂದು ಬೆಳ್ಳಕ್ಕಿ ಅಷ್ಟೊತ್ತೂ ಒಂದ ಕಾಲಮ್ಯಾಲ. ಕೆಲಗೇರಿ ಕೆರಿ ದಂಡಿಗೆ ಮುಂಜಾನೆ ನಿಂತಂಗ ಆತು ನನಗ, ಪ್ಲಾಸ್ಟಿಕ್ ಒಂದ ಇರ್ಲಿಲ್ಲ.

ಕತ್ತ ಎತ್ತಿದ್ರ ಹೂವಿನ ಹಿಂದ ಸ್ಕೈಟ್ರೀ ಟವರ್, 634 ಮೀಟರ್. ಫೋಟೋ ಚಲೋ ಬರ್ತದ, ಎಲ್ಲಾರೂ ಅದನ್ನ ತಗೀತಾರ, ನಾನೂ ತಗದೇನಿ. ಆದ್ರ ಈ ಗುಡಿ ಚಿತ್ರದಿಂದನ ಹೆಸರಾದದ್ದು ಇವತ್ತಿಂದಲ್ಲ. ಹಿರೋಶಿಗೆ ಅನ್ನೋ ಕಲಾವಿದ 1856ರಾಗ ಇದ ಕಮಾನು ಸೇತುವಿ, ಇದ ಫೂಜಿ ಹೂವಿನ ಗೊಂಚಲ ಇಟ್ಟು ಮರದ ಅಚ್ಚಿನ್ಯಾಗ ಚಿತ್ರ ಮಾಡ್ಯಾನ, ಎದೋ ಪಟ್ಟಣದ ನೂರು ನೋಟ ಅಂತ ಸರಣಿ, ಎದೋ ಅಂದ್ರ ಟೋಕಿಯೋದ ಹಳೇ ಹೆಸರು. ಹೂವನ್ನ ಅಗದಿ ಕಣ್ಣಮುಂದ ತೂಗಬಿಟ್ಟು ಸೇತುವೀನ ದೂರ ಇಟ್ಟಾನ. ಆ ಚಿತ್ರದಾಗ ಸೇತುವಿ ಬೆನ್ನು ಬಗ್ಗಿದ್ದು ನೋಡಿದ್ರ ಹತ್ತಾಕ ಏಣಿ ಬೇಕು ಅನಸ್ತದ, ಈಗಿಂದು ಅಷ್ಟಿಲ್ಲ, ಮೆಟ್ಟಲ ಅದಾವ, ಮೊಣಕಾಲ ಬ್ಯಾನಿ ಇದ್ದವ್ರು ಕೈ ಹಿಡಕೊಂಡು ಹತ್ತಬಹುದು.

ಸೇತುವಿ ಮೂರು. ಮೊದಲನೇ ಕಮಾನು ಸೇತುವಿ ಗಂಡು, ಕಡೀದು ಹೆಣ್ಣು, ನಡುವಿಂದು ಸಪಾಟ. ಮೊದಲನೇದು ಹಿಂದಿನ ಕಾಲ, ನಡುವಿಂದು ಈಗಿನ ಕಾಲ, ಕಡೀದು ಮುಂದಿನ ಕಾಲ, ಮೂರೂ ದಾಟೂದ್ರಾಗ ಮನಸ್ಸು ತೊಳದು ಹೋಗ್ಬೇಕು, ಆಮ್ಯಾಲ ದೇವ್ರ ಮುಂದ ನಿಲ್ಲಬೇಕು ಅಂತ ಲೆಕ್ಕ. ಹೊಂಡದ ಆಕಾರಾನೂ ಅವ್ರ ಲಿಪಿಯೊಳಗ ಮನಸ್ಸು ಅಂತ ಬರಿಯೋ ಅಕ್ಷರದಂಗ ಅಂತ. ಅವ್ವ ಮೊದಲನೇ ಸೇತುವಿ ಹತ್ತಿ ಉಸ್ ಅಂದು "ಹಿಂದಿನ ಕಾಲ ಯಾವಾಗ್ಲೂ ತ್ರಾಸಿಂದು ಬಿಡು" ಅಂದ್ಲು.

ಇನ್ನ ಈ ದೇವ್ರು ಯಾರು ಅನ್ನೂದು. ಇದು ಗೊತ್ತಿದ್ರ ಗುಡಿ ಬ್ಯಾರೆನ ಕಾಣ್ತದ, ಆದ್ರ ಅಲ್ಲಿ ಇಂಗ್ಲಿಷ್ ಬೋರ್ಡ್ ಕಡಿಮಿ, ಹಿಂಗಾಗಿ ಓದ್ಕೊಂಡ ಹೋಗ್ರಿ. ಸುಗವಾರ ನೋ ಮಿಚಿಝಾನೆ ಅಂತ ಒಬ್ಬ ಪಂಡಿತ, 845ರಾಗ ಹುಟ್ಟಿದಾವ, ಐದು ವರ್ಷದಾವಿದ್ದಾಗನ ಪ್ಲಮ್ ಹೂವಿನ ಮ್ಯಾಲ ಪದ್ಯ ಕಟ್ಟಿದ್ನಂತ, ಆ ವಯಸ್ಸಿನ ಮೂರ್ತಿನೂ ಅಂಗಳದಾಗ ಐತಿ. ದೊಡ್ಡ ಮನಿತನದಾವ ಅಲ್ಲ, ಬರೇ ಓದಿನ ಬಲದ ಮ್ಯಾಲ ರಾಜನ ದರಬಾರದಾಗ ಮಂತ್ರಿ ಪದವಿ ತನಕ ಏರಿದ. ಅದು ಫುಜಿವಾರ ಮನಿತನದವ್ರ ಕಣ್ಣಿಗೆ ಬಿತ್ತು. ಇಲ್ಲದ ಆರೋಪ ಹೊರಿಸಿ 901ರಾಗ ದೂರದ ದಜಾಯ್‌ಫುಗೆ ಓಡಿಸಿದ್ರು. ಹೊಂಡೂ ಮುಂದ ಮನಿ ಅಂಗಳದ ಪ್ಲಮ್ ಗಿಡಕ್ಕ ಆವ ಹೇಳಿ ಹೋದದ್ದು ಏನಂದ್ರ, ಮೂಡಗಾಳಿ ಬೀಸಿದಾಗ ವಾಸನಿ ಕಳ್ಸು, ಧಣಿ ಇಲ್ಲ ಅಂತ ವಸಂತ ಮರೀಬ್ಯಾಡ. ಆ ಗಿಡ ಒಂದ ರಾತ್ರ್ಯಾಗ ಹಾರಿ ಆವನ ಹಿಂದ ಹೋತು ಅಂತ ಕಥಿ. 903ರಾಗ ಆವ ಅಲ್ಲೇ ಸತ್ತ. ಆಮ್ಯಾಲ ರಾಜಧಾನ್ಯಾಗ ಒಂದರ ಹಿಂದ ಒಂದು ಅನಾಹುತ, 930ರಾಗ ಅರಮನಿಗೇ ಸಿಡಿಲ ಬಡೀತು. ಆಗ ಅಂಜಿ ತಪ್ಪಾತು ಅಂತ ಪದವಿ ವಾಪಸ್ ಕೊಟ್ಟು, ಗುಡಿ ಕಟ್ಟಿ, ತೆಂಜಿನ್ ಅನ್ನೋ ಹೆಸರ್ಲೆ ದೇವ್ರು ಮಾಡಿದ್ರು. ಮೊದಲ ಸಿಡಿಲಿನ ದೇವ್ರು, ಬರ್ತಾ ಬರ್ತಾ ವಿದ್ಯಾದ ದೇವ್ರು. ತಮ್ಮ ಇಷ್ಟೂ ಹೇಳಿದ ಮ್ಯಾಲ ಅವ್ವ ಅಂದದ್ದು, "ಶ್ಯಾಣ್ಯಾರಿಗೆ ಯಾವ ಊರಾಗೂ ನೆಟ್ಟಗ ಬಾಳಗೊಡಂಗಿಲ್ಲೋ ತಮ್ಮಾ, ಸತ್ತ ಮ್ಯಾಲ ಗದ್ದಗಿ ಕಟ್ತಾರ."

ನನಗ ಇದ್ರಾಗ ಒಂದು ಮಾತು ಇನ್ನೂ ಕಾಡ್ತೈತಿ. ಫುಜಿವಾರ ಅಂದ್ರ ಫೂಜಿ ಹೂವಿನ ಬಯಲು ಅಂತ ಅರ್ಥ. ಆವನ್ನ ಊರ ಬಿಡಿಸಿದವ್ರ ಹೆಸರಾಗಿನ ಹೂವನ್ನ ಆವನ ಗುಡಿ ತುಂಬ ಚಪ್ಪರ ಹಾಕಿ ಬೆಳಸ್ಯಾರ, ಮಂದಿ ಅದನ್ನ ನೋಡಾಕ ಬರ್ತಾರ. ಬೇಕಂತ ಮಾಡಿದ್ದಲ್ಲ ಬಿಡ್ರಿ, ತಮ್ಮಗ ಕೇಳಿದ್ರ "ಅಕ್ಕಾ, ನಿನಗೊಬ್ಬಾಕಿಗೆ ಇಂಥಾ ವಿಚಾರ ಬರ್ತಾವ" ಅಂದ. ಮಿಚಿಝಾನೆಯ ಸ್ವಂತ ಹೂವು ಪ್ಲಮ್, ಅದೂ ಇಲ್ಲಿ ಐತಿ, ಫೆಬ್ರವರ್ಯಾಗ ಅರಳ್ತದ. ಅಸಲಿಗೆ ಈ ಗುಡಿ ಹುಟ್ಟಿದ್ದ ಆ ಪ್ಲಮ್ ಗಿಡದಿಂದ. 1646ರಾಗ ದಜಾಯ್‌ಫುದ ಒಬ್ಬ ಪೂಜಾರಿ, ಆವನ ವಂಶದಾವನ, ಹಾರಿಹೋದ ಗಿಡದ ಕಟಗಿಯೊಳಗ ದೇವ್ರ ಮೂರ್ತಿ ಕೆತ್ತಿಸ್ಕೊಂಡು ಇಲ್ಲಿಗೆ ಬಂದ, 1662ರಾಗ ಈ ಜಾಗಾದಾಗ ದಜಾಯ್‌ಫು ನಮೂನಿಗೆ ಗುಡಿ, ಹೊಂಡ, ಸೇತುವಿ ಎಲ್ಲಾ ಎದ್ವು. ಯುದ್ಧದ ಟೈಮ್‌ನ್ಯಾಗ 1945ರ ಬಾಂಬ್ ದಾಳಿಗೆ ಸುಟ್ಟು ಹೋಗಿ ಮತ್ತ ಕಟ್ಟ್ಯಾರ. ಹಿಂಗಾಗಿ ಲಕ್ಕುಂಡಿ ಗುಡಿ ಕೆತ್ತನಿ ನೋಡಿ ಬಂದ ಕಣ್ಣಿಗೆ ಗರ್ಭಗುಡಿ ಕಟ್ಟಡ ಅಷ್ಟೇನ ಅನ್ಸಂಗಿಲ್ಲ, ಹೊಸಾದು, ಸ್ವಚ್ಛ ಐತಿ, ಅಷ್ಟ. ಇಲ್ಲಿ ನೋಡೂದು ಅಂಗಳಾನ.

ಅವ್ವಗ ಎಲ್ಲಾಕ್ಕಿಂತ ಸೇರಿದ್ದು ಆಕಳಂಗ ಮಲಗಿದ ಎತ್ತು. ಮಿಚಿಝಾನೆ ಹುಟ್ಟಿದ್ದು ಎತ್ತಿನ ವರ್ಷ, ಆವನ ಹೆಣ ಹೊತ್ತ ಬಂಡಿ ಎತ್ತು ಎಲ್ಲಿ ಕುಂತು ಏಳಲಿಲ್ಲೋ ಅಲ್ಲೇ ಮಣ್ಣು ಮಾಡಿದ್ರಂತ, ಹಿಂಗಾಗಿ ತೆಂಜಿನ್ ಗುಡಿ ಎಲ್ಲಿದ್ರೂ ಎತ್ತು ಇರ್ತದ. ಅದನ್ನ ಮುಟ್ಟಬೇಕು, ಎಲ್ಲಿ ಬ್ಯಾನಿ ಐತೋ ಎತ್ತಿನ ಆ ಭಾಗ ಸವರಬೇಕು, ಬುದ್ಧಿ ಬೇಕಾದವ್ರು ತಲಿ ಸವರಬೇಕು. ಮಂದಿ ಸವರಿ ಸವರಿ ಮಿಂಚಾಕತ್ತೈತಿ. ಅವ್ವ "ಬಸವಣ್ಣಾ" ಅಂತ ಕೂಗಿ ಮೊಣಕಾಲ ಸವರಾಕ ಸುರು ಮಾಡಿದ್ಲು, ಐದು ನಿಮಿಷ ಬಿಡ್ಲಿಲ್ಲ, ಹಿಂದ ನಿಂತಿದ್ದ ಜಪಾನಿ ಅಜ್ಜಿನೂ ಮೊಣಕಾಲ ಸಲುವಾಗೇ ಬಂದಿದ್ಲು, ಇಬ್ಬರೂ ಭಾಷಾ ಬರ್ದನ ಒಬ್ಬರ ಮೊಣಕಾಲ ಒಬ್ಬರು ತೋರಿಸ್ಕೊಂಡು ನಕ್ರು. ಊದಬತ್ತಿ ಇಲ್ಲ, ಕುಂಕುಮ ಇಲ್ಲ, ತೀರ್ಥ ಪ್ರಸಾದ ಇಲ್ಲ ಅಂತ ಅಷ್ಟೊತ್ತು ಗೊಣಗಿದಾಕಿ ಆಮ್ಯಾಲ ಸುಮ್ನಾದ್ಲು.

ಪ್ರಸಾದದ ಜಾಗಾದಾಗ ಕುಜುಮೋಚಿ ತಿನ್ರಿ. ಗುಡಿ ಹತ್ರ ಫುನಬಾಶಿಯಾ ಅಂತ ಅಂಗಡಿ, 1805ರಿಂದ ಐತಿ, ನಮ್ಮ ಪೇಡಾ ಅಂಗಡಿಗಿಂತ ಹಳೇದು. ಗೋದಿ ಹಾಲಿನ ಗಸಿಯನ್ನ 450 ದಿವಸ ಹುಳಿಯಾಕ ಬಿಟ್ಟು, ತೊಳದು, ಉಗಿಯೊಳಗ ಬೇಯಿಸಿ ಮಾಡ್ತಾರ. ಬೆಳ್ಳಗ, ಮೆತ್ತಗ, ತ್ರಿಕೋನ ಕತ್ತರಿಸಿದ ತುಂಡು, ಮ್ಯಾಲ ಹುರದ ಸೋಯಾ ಪುಡಿ, ಕರೇ ಬೆಲ್ಲದ ಪಾಕ. ನಮ್ಮ ಗೋದಿ ಹಾಲಬಾಯಿ ಗೊತ್ತಿದ್ದವ್ರಿಗೆ ಹತ್ರದ ಸಂಬಂಧಿ ಅನ್ಸ್ತದ, ಆದ್ರ ತುಪ್ಪ ಯಾಲಕ್ಕಿ ಇಲ್ಲ, ತಣ್ಣಗ ಇರ್ತದ, ಸಿಹಿ ಎಲ್ಲಾ ಪಾಕದ್ದ. ಮೊದಲನೇ ತುತ್ತಿಗೆ "ಏನೂ ರುಚಿನ ಇಲ್ಲಲ್ಲ" ಅಂದ್ಲು ಅವ್ವ, ನಾಲ್ಕನೇದಕ್ಕ ನನ್ನ ತಾಟಿನಿಂದ ತಗೊಂಡ್ಲು. ಐತವಾರ ಅಲ್ಲಿ ಮುಕ್ಕಾಲ ತಾಸು ಪಾಳಿ ನಿಂತಿದ್ವಿ. ಎರಡ ದಿವಸಕ್ಕಿಂತ ಹೆಚ್ಚು ಇಡಾಕ ಬರಂಗಿಲ್ಲ, ಹಿಂಗಾಗಿ ಊರಿಗೆ ತರಾಕ ಆಗ್ಲಿಲ್ಲ, "ಜಪಾನಿಂದ ಏನೂ ತರ್ಲಿಲ್ಲ" ಅನ್ನೋ ಮಂದಿಗೆ ಇದ ಉತ್ತರ.

ಟೈಮಿಂಗ್ ಬಗ್ಗೆ ಸಿಟ್ಟು ಐತಿ ನನಗ. ಒಂದು ಟ್ರಾವೆಲ್ ವೆಬ್‌ಸೈಟ್ ನೋಡಿ ನಾನು ಮೇ ಮೊದಲನೇ ವಾರಕ್ಕ ಟಿಕೆಟ್ ಮಾಡಸೂದ್ರಾಗಿದ್ದೆ, ಹೂವು ಏಪ್ರಿಲ್ ಕಡೀಕ ಸುರು ಆಗಿ ಮೇ 5ರ ತನಕ ಅಂತ ಬರದಿದ್ರು. ಈಗೀಗ ಬಿಸಲ ಜಲ್ದಿ ಬಂದು ಹೂವೂ ಜಲ್ದಿ, ಏಪ್ರಿಲ್ ನಡುವನ ಅರಳಿ ತಿಂಗಳ ಮುಗ್ಯೂದ್ರಾಗ ಉದುರಿ ಹೋಗಿರ್ತಾವ. ತಮ್ಮ ಫೋನ್ ಮಾಡಿ ಬೈದದ್ದಕ್ಕ ಬಚಾವ್ ಆದ್ವಿ. ಹೋಗೋರಿದ್ರ ಏಪ್ರಿಲ್ 15ರಿಂದ 25ರ ಒಳಗ ಹೋಗ್ರಿ, ಗುಡಿಯವ್ರು ಹಾಕೋ ಫೋಟೋ ನೋಡಿ ಹೋಗ್ರಿ, ಚೆರಿ ಹೂವು ಮತ್ತ ಇದು ಎರಡೂ ಒಂದ ಟ್ರಿಪ್‌ನ್ಯಾಗ ಬೇಕು ಅಂದ್ರ ಟೋಕಿಯೋದಾಗ ಸಿಗೂದು ಕಠಿಣ, ಚೆರಿ ಏಪ್ರಿಲ್ ಮೊದಲನೇ ವಾರಕ್ಕ ಮುಗದ ಹೋಗಿರ್ತದ. ಹೂವಿಲ್ಲದ ಜೂನ್‌ನ್ಯಾಗೋ ಆಗಸ್ಟ್‌ನ್ಯಾಗೋ ಹೋಗಿ "ಏನೈತ್ರಿ ಅಲ್ಲಿ" ಅಂತ ನನಗ ಕೇಳಬ್ಯಾಡ್ರಿ. ಅಕ್ಟೋಬರ್ ಕಡೀಕ ನವೆಂಬರ್ ತನಕ ಶಾವಂತಿಗಿ ಹೂವಿನ ಪ್ರದರ್ಶನ ಮಾಡ್ತಾರ. ಜನವರಿ 24, 25ಕ್ಕ ಇನ್ನೊಂದು ಐತಿ, ಊಸೊ ಅಂತ ಒಂದು ಹಕ್ಕಿ, ಅದರ ಕಟಗಿ ಗೊಂಬಿ ಹೋದ ವರ್ಷದ್ದು ವಾಪಸ್ ಕೊಟ್ಟು ಹೊಸಾದು ತಗೋತಾರ. ಊಸೊ ಅಂದ್ರ ಸುಳ್ಳು ಅಂತನೂ ಅರ್ಥ, ಹೋದ ವರ್ಷದ ಕೆಟ್ಟದ್ದೆಲ್ಲಾ ಸುಳ್ಳಾಗ್ಲಿ ಅಂತ. ತಮ್ಮಗ ನಮ್ಮ ಮನಿ ತುಂಬ ಒಂದೊಂದು ತಂದಿಡು ಅಂತ ಹೇಳಿ ಬಂದೇವಿ.

ರೇಟಿಂಗ್ ಐದಕ್ಕ ನಾಲ್ಕು ಕೊಡ್ತೇನಿ, ಮಂಗಳವಾರದ್ದಷ್ಟ ಆದ್ರ ಐದು, ಐತವಾರದ್ದಷ್ಟ ಆದ್ರ ಎರಡೂವರಿ. ಕೂಡ್ರೂ ಜಾಗಾ ಕಡಿಮಿ ಇದ್ದದ್ದಕ್ಕ ಅರ್ಧ ಕಡಿದೇನಿ, ಇನ್ನರ್ಧ ಆ ಅಷ್ಟಪಾದಿ ವಾಸನಿಗೆ.

ಇನ್ನೊಂದು ಹೇಳೂದು ಉಳೀತು. ಅಕ್ಕನ ಮಗಳು ಸಪ್ತಾಪುರದಾಗ ರೂಮ್ ಮಾಡ್ಕೊಂಡು ಮೂರು ವರ್ಷ ಆತು, ಕೋಚಿಂಗ್, ಲೈಬ್ರರಿ, ಖಾನಾವಳಿ, ಮತ್ತ ಕೋಚಿಂಗ್. ಹೊಂಡೂ ಮುಂದ ಹೇಳಿ ಕಳ್ಸಿದ್ಲು, "ಮಾವಶಿ, ಅಲ್ಲಿ ಪರೀಕ್ಷಾ ದೇವ್ರು ಅದಾನಂತ, ನನ್ನ ಹೆಸರ್ಲೆ ಒಂದು ಹಲಗಿ ಕಟ್ಟಿ ಬಾ." ಆ ಹಲಗಿಗೆ ಎಮಾ ಅಂತಾರ, ಕಟಗೀದು, ಅಂಗೈಯಷ್ಟು, ಹಿಂದ ಬೇಡಿಕಿ ಬರದು ಕಟ್ಟೂದು. ಎಂಟೂವರಿ ಸುಮಾರಿಗೆ ಕೌಂಟರ್ ತಗದ್ರು, ಒಂದು ಕೊಂಡ್ವಿ. ಕಟ್ಟೋ ಜಾಗಾ ನೋಡಿದ್ರ ಸಾವಿರಗಟ್ಟಲೆ ಹಲಗಿ, ಒಂದರ ಮ್ಯಾಲೊಂದು, ಯಾವ ಕಾಲೇಜು, ಯಾವ ಕೋರ್ಸು ಅಂತ ಹುಡುಗ್ರು ಬರದದ್ದು, ಸಪ್ತಾಪುರದ ಗ್ವಾಡಿ ಮ್ಯಾಲ ಹಚ್ಚಿದ ಕೋಚಿಂಗ್ ಪೋಸ್ಟರಿಗಿಂತ ಗಿಚ್ಚ ಆಗಿತ್ತು. ನಾನು ಕನ್ನಡದಾಗನ ಬರದೆ. ಅವ್ವ ಬಗ್ಗಿ ನೋಡಿ ಅಡ್ರೆಸ್ ಹಾಕು ಅಂದ್ಲು, ಇಲ್ಲಿ ಕುಂತ ದೇವ್ರಿಗೆ ಧಾರವಾಡ ಎಲ್ಲಿ ಗೊತ್ತಿರ್ತದ ಅಂತ. ಹಾಕ್ದೆ, ಪಿನ್‌ಕೋಡ್ ಸಮೇತ. ತಮ್ಮ ನಗಾಕತ್ತಾನ, ಜಪಾನಿ ಮಂದಿನೂ ಅಡ್ರೆಸ್ ಬರೀತಾರ ಅಕ್ಕಾ ಅಂತ. ಪಾಸಾದ್ರ ವಾಪಸ್ ಬಂದು ದೇವ್ರಿಗೆ ಥ್ಯಾಂಕ್ಸ್ ಹೇಳಬೇಕು ಅಂತನೂ ಪದ್ಧತಿ ಐತಂತ ಇಲ್ಲಿ. ರಿಸಲ್ಟ್ ಇನ್ನೂ ಬಂದಿಲ್ಲ. ಅವ್ವ ಮಾತ್ರ ದಿನಾ ಮುಂಜಾನೆ ಪೇಪರ್ ನೋಡಿ, ಬಂದ್ರ ಟಿಕೆಟ್ ಯಾರು ಮಾಡಸ್ತೀರಿ ಅಂತ ಈಗಿಂದನ ಕೇಳಾಕತ್ತಾಳ.